ಹಿನ್ನೆಲೆಯಲ್ಲಿ ದುಡಿಯುವವರು: ವಿಡಿಯೊ ಗೇಮ್ ಲೋಕವೂ ಬೆಂಗಳೂರಿನ ಕೈಗಳೂ

ವಿಡಿಯೊ ಗೇಮ್ ಎಂದರೆ ಮಕ್ಕಳ ಕಾಲಹರಣ ಎಂದು ತಳ್ಳಿಹಾಕುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲವಾದರೂ, ಕಳೆದ ಮೂರು ದಶಕಗಳಲ್ಲಿ ಬಂದ ದೊಡ್ಡ ಗೇಮ್‌ಗಳನ್ನು ಗಮನವಿಟ್ಟು ನೋಡಿದವರಿಗೆ ಅವುಗಳೊಳಗೆ ಒಂದು ಇಡೀ ಸಮಾಜ, ತನ್ನ ಮೇಲು-ಕೀಳುಗಳ ಸಮೇತ, ಕಾಣಿಸುತ್ತದೆ. 1997ರಲ್ಲಿ ಜಪಾನಿನಿಂದ ಬಂದ ‘ಫೈನಲ್ ಫ್ಯಾಂಟಸಿ 7’ರ ಮಿಡ್‌ಗಾರ್ ನಗರದಲ್ಲಿ ಉಳ್ಳವರು ಎತ್ತರದ ಉಕ್ಕಿನ ಹಾಸಿನ ಮೇಲೆ ವಾಸಿಸಿದರೆ, ಬಡವರು ಅದೇ ಹಾಸಿನ ಅಡಿಯಲ್ಲಿ, ಬಿಸಿಲೇ ಬೀಳದ ಕೊಳೆಗೇರಿಗಳಲ್ಲಿ ಬದುಕುತ್ತಾರೆ. 2013ರ ‘ಬಯೋಶಾಕ್ ಇನ್ಫಿನಿಟ್’ ಗೇಮಿನ ತೇಲುವ ನಗರದಲ್ಲಿ ಶ್ರೀಮಂತರ ಬೀದಿಗಳು ಥಳಥಳಿಸುವುದಕ್ಕೆ ಕಾರಣ ಒಂದೇ ಕಂಪನಿಯ ಕಾರ್ಖಾನೆಗಳಲ್ಲಿ ದುಡಿಯುವ ಕರಿಯರು ಮತ್ತು ವಲಸಿಗರು. ಇಂಥ ಚಿತ್ರಣಗಳನ್ನು ಕತೆಗಾರರು ಬೇಕೆಂದೇ ಇಟ್ಟಿರುತ್ತಾರೆ. ಆದ್ದರಿಂದ ಅವು ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಶೋಷಣೆಯ ಇನ್ನೊಂದು ಪ್ರತಿಬಿಂಬ ಕತೆಯಲ್ಲಿಲ್ಲ, ಆ ಲೋಕ ನಡೆಯುವ ವಿಧಾನದಲ್ಲೇ ಇದೆ. ಅದನ್ನು ಗುರುತಿಸಲು ನಾಯಕನಿಂದ ಕಣ್ಣು ತೆಗೆದು ಅವನ ಸುತ್ತ ನಿಂತವರನ್ನು ನೋಡಬೇಕಾಗುತ್ತದೆ.

ಆಟಗಾರನ ಅಂಕೆಯಲ್ಲಿಲ್ಲದೆ, ಕಂಪ್ಯೂಟರ್ ತಾನೇ ನಡೆಸುವ ಪಾತ್ರಗಳನ್ನು ಗೇಮ್ ಆಡುವವರು ‘ಎನ್‌ಪಿಸಿ’ ಎನ್ನುತ್ತಾರೆ. ಅಂಗಡಿಯಲ್ಲಿ ಕೂತವನು, ಕುದುರೆ ಲಾಯದ ಆಳು, ಬೀದಿ ಗುಡಿಸುವವನು, ಮೂಟೆ ಹೊರುವವನು ಎಲ್ಲರೂ ಈ ಗುಂಪಿನವರು. 2018ರ ಅಕ್ಟೋಬರ್ 26ರಂದು ಬಿಡುಗಡೆಯಾದ, 1899ರ ಅಮೆರಿಕವನ್ನು ಕಲ್ಪಿಸಿಕೊಂಡ ‘ರೆಡ್ ಡೆಡ್ ರಿಡೆಂಪ್ಷನ್ 2’ ಗೇಮಿನಲ್ಲಿ ಇಂಥ ಪಾತ್ರಗಳಿಗೆ ಬೆಳಗಿನಿಂದ ರಾತ್ರಿಯವರೆಗೆ ದಿನಚರಿಯನ್ನೇ ಬರೆದಿಡಲಾಗಿದೆ. ಆಸ್ಟ್ರಿಯಾದ ‘ಟೋಟಲ್ ರೆಫ್ಯೂಸಲ್’ ಎಂಬ ಕಲಾವಿದರ ತಂಡ ಈ ಗೇಮಿನೊಳಗೇ ಕ್ಯಾಮೆರಾ ಇಟ್ಟು 2022ರಲ್ಲಿ ‘ಹಾರ್ಡ್ಲಿ ವರ್ಕಿಂಗ್’ ಎಂಬ ಕಿರುಚಿತ್ರ ಮಾಡಿತು. ಬಟ್ಟೆ ಒಗೆಯುವವಳು, ಲಾಯದ ಆಳು, ಬೀದಿ ಗುಡಿಸುವವನು, ಬಡಗಿ, ಈ ನಾಲ್ವರನ್ನು ಬಿಟ್ಟು ಅದರಲ್ಲಿ ಬೇರೆ ನಾಯಕರಿಲ್ಲ. ಮಾನವಶಾಸ್ತ್ರಜ್ಞರು ಒಂದು ಊರಿನಲ್ಲಿ ಕೂತು ಜನರ ನಡವಳಿಕೆಯನ್ನು ದಾಖಲಿಸುವ ಹಾಗೆ ಚಿತ್ರ ಇವರ ದುಡಿಮೆಯನ್ನು ದಾಖಲಿಸುತ್ತದೆ: ಎಷ್ಟು ಗುಡಿಸಿದರೂ ಬೀದಿಯ ಸ್ಥಿತಿ ಬದಲಾಗದು, ಎಷ್ಟು ಬಡಿದರೂ ಬಡಗಿಯ ಕೈಯಲ್ಲಿ ಒಂದು ವಸ್ತು ತಯಾರಾಗದು, ಮರುದಿನ ಬೆಳಗ್ಗೆ ಅದೇ ಕೆಲಸ ಮತ್ತೆ ಮೊದಲಿನಿಂದ ಶುರು. ಯೂರೋಪಿನ ಚಲನಚಿತ್ರ ಅಕಾಡೆಮಿ 2023ರಲ್ಲಿ ಈ ಕೃತಿಗೆ ಅತ್ಯುತ್ತಮ ಕಿರುಚಿತ್ರದ ಪ್ರಶಸ್ತಿ ಕೊಟ್ಟಿತು. ನಾಯಕನಿಗೆ ‘ಜೀವಂತ ಊರು’ ಎಂಬ ಭ್ರಮೆ ಒದಗಿಸುವುದೇ ಈ ನಾಲ್ವರ ದುಡಿಮೆಯ ಏಕೈಕ ಫಲ ಎಂಬುದನ್ನು ಈ ಚಿತ್ರದಷ್ಟು ಸ್ಪಷ್ಟವಾಗಿ ಯಾವ ವಿಮರ್ಶಾ ಪುಸ್ತಕವೂ ತೋರಿಸಿರಲಾರದು.

ಅದೇ ಗೇಮಿನ ಕತೆ ಕೂಡ ಈ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡಿಲ್ಲ. ನಾಯಕ ಆರ್ಥರ್ ಮಾರ್ಗನ್ ಇರುವ ದರೋಡೆಕೋರರ ತಂಡದಲ್ಲಿ ಬಡ್ಡಿ ವ್ಯವಹಾರ ನೋಡಿಕೊಳ್ಳುವವನೊಬ್ಬನಿದ್ದಾನೆ. ಅವನ ಪರವಾಗಿ ಸಾಲ ವಸೂಲಿಗೆ ಹೋದ ಆರ್ಥರ್, ಥಾಮಸ್ ಡೌನ್ಸ್ ಎಂಬ ಕ್ಷಯರೋಗಿ ಬಡರೈತನನ್ನು ಅವನ ಹೆಂಡತಿ-ಮಗನ ಎದುರೇ ಹೊಡೆಯುತ್ತಾನೆ. ರೈತ ಸಾಯುತ್ತಾನೆ, ಸಾಲ ಸಾಯುವುದಿಲ್ಲ. ಹೆಂಡತಿ ಮೈ ಮಾರಿಕೊಳ್ಳುವ ಸ್ಥಿತಿಗೆ ಬರುತ್ತಾಳೆ. ಮಗ ಆನ್ಸ್‌ಬರ್ಗ್ ಎಂಬ ಕಲ್ಲಿದ್ದಲು ಊರಿನ ಗಣಿಗೆ ಸೇರುತ್ತಾನೆ. ರೈತನ ರೋಗ ವಸೂಲಿಗಾರನಿಗೇ ಅಂಟಿ ಅವನನ್ನೂ ಕೊಲ್ಲುತ್ತದೆ. ಈ ಸರಪಳಿ ಕನ್ನಡ ಓದುಗರಿಗೆ ಹೊಸದಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಘಟ್ಟದ ಕಾಫಿ ತೋಟದ ಸಾಲ ತೀರಿಸಲು ಹೋದ ಮಗ ಜ್ವರಕ್ಕೆ ಬಲಿಯಾಗುವುದೂ, ಕೊನೆಗೆ ಮಗಳು ಬೆಳ್ಳಿ ತನ್ನ ಮೈಯಿಂದ ಆ ಸಾಲ ಕಳೆಯಬೇಕಾಗುವುದೂ ಇದೇ ದಾರಿಯ ಕತೆ. ಜೀತ ಪದ್ಧತಿಯನ್ನು ರದ್ದು ಮಾಡಿದ 1976ರ ಕಾಯ್ದೆ ಬಂದದ್ದು ಇಂಥ ಸಾಲಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುತ್ತಿದ್ದುದರಿಂದಲೇ. ಎರಡು ಕತೆಗಳ ನಡುವಿನ ವ್ಯತ್ಯಾಸವನ್ನೂ ಹೇಳಬೇಕು. ಕಾರಂತರ ಕಾದಂಬರಿಯ ಕೇಂದ್ರದಲ್ಲಿ ಚೋಮನೇ ಇದ್ದಾನೆ. ಗೇಮಿನ ಕೇಂದ್ರದಲ್ಲಿರುವುದು ಹೊಡೆದವನು ಮತ್ತು ಅವನ ಪಶ್ಚಾತ್ತಾಪ.

ಗೇಮ್ ಎಂಬ ಮಾಧ್ಯಮಕ್ಕೆ ಕಾದಂಬರಿಗಾಗಲಿ ಸಿನಿಮಾಕ್ಕಾಗಲಿ ಇಲ್ಲದ ಒಂದು ಶಕ್ತಿ ಇದೆ. ಅದು ಶೋಷಣೆಯನ್ನು ವರ್ಣಿಸುವ ಬದಲು ಅದರ ನಿಯಮಗಳನ್ನೇ ಆಟದ ನಿಯಮಗಳಾಗಿಸಿ ಆಟಗಾರನ ಕೊರಳಿಗೆ ಕಟ್ಟಬಲ್ಲದು. ಲೂಕಸ್ ಪೋಪ್ ರಚಿಸಿದ ‘ಪೇಪರ್ಸ್, ಪ್ಲೀಸ್’ (2013) ಇದಕ್ಕೆ ಉತ್ತಮ ನಿದರ್ಶನ. ಅದರಲ್ಲಿ ಆಟಗಾರ ಗಡಿ ಠಾಣೆಯೊಂದರ ಸಣ್ಣ ಗುಮಾಸ್ತ. ತಪಾಸಣೆ ಮಾಡಿ ಕಳಿಸಿದ ಜನರ ಲೆಕ್ಕದಲ್ಲಿ ಅವನಿಗೆ ಕೂಲಿ. ತಪ್ಪು ಹೆಚ್ಚಾದರೆ ದಂಡ. ಸಂಜೆ ಉಳಿದ ಹಣದಲ್ಲಿ ಬಾಡಿಗೆ ಕಟ್ಟಿದ ಮೇಲೆ ಮನೆಯವರಿಗೆ ಊಟ ಕೊಡಬೇಕೋ, ಒಲೆ ಉರಿಸಬೇಕೋ, ಮಗುವಿಗೆ ಔಷಧಿ ತರಬೇಕೋ ಎಂಬ ತೀರ್ಮಾನ. ಗಂಡನ ಹಿಂದೆ ಬಂದ ಹೆಂಡತಿಯ ಬಳಿ ಸರಿಯಾದ ಕಾಗದ ಇಲ್ಲದಿದ್ದಾಗ ಆಕೆಯನ್ನು ಒಳಗೆ ಬಿಟ್ಟರೆ ತನ್ನ ಹೆಸರಿಗೆ ಒಂದು ತಪ್ಪು ಸೇರುತ್ತದೆ ಎಂಬ ಅರಿವು ಆಟಗಾರನಿಗೆ ಬೆರಳ ತುದಿಯಲ್ಲಿ ತಟ್ಟುತ್ತದೆ. ಇದನ್ನು ವಿದ್ವಾಂಸ ಇಯಾನ್ ಬೊಗೋಸ್ಟ್ ಪ್ರಕ್ರಿಯೆಯ ಮೂಲಕ ನಡೆಯುವ ವಾದಮಂಡನೆ ಎಂದು ವಿವರಿಸಿದ್ದಾರೆ: ಮಾತಿನಿಂದ ಒಪ್ಪಿಸುವ ಬದಲು, ವ್ಯವಸ್ಥೆಯೊಂದನ್ನು ನಡೆಸಿ ನೋಡುವಂತೆ ಮಾಡಿ ಅರ್ಥ ಮಾಡಿಸುವುದು.

ಪ್ರತಿಬಿಂಬ ದಾಟಿ ನಿಜವಾದ ಕೂಲಿಯೇ ಗೇಮಿನೊಳಗೆ ಹುಟ್ಟಿಕೊಂಡ ಪ್ರಸಂಗಗಳೂ ಇವೆ. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಯುವಕರು ದಿನಕ್ಕೆ ಹನ್ನೆರಡು ಗಂಟೆಯ ಪಾಳಿಯಲ್ಲಿ ಗೇಮ್ ಆಡಿ, ಅದರೊಳಗಿನ ಚಿನ್ನ ಗಳಿಸಿ ಶ್ರೀಮಂತ ದೇಶಗಳ ಆಟಗಾರರಿಗೆ ಮಾರುವ ಕಾರ್ಖಾನೆಗಳಲ್ಲಿ ದುಡಿದರು. 2021ರಲ್ಲಿ ಫಿಲಿಪೀನ್ಸ್‌ನ ಬಡವರು ‘ಆಕ್ಸಿ ಇನ್ಫಿನಿಟಿ’ ಎಂಬ ಗೇಮಿಗೆ ಬೇಕಾದ ಮೂರು ಕಾಲ್ಪನಿಕ ಪ್ರಾಣಿಗಳನ್ನು ಕೊಳ್ಳಲಾಗದೆ, ಹಣವಂತರ ಪ್ರಾಣಿಗಳನ್ನು ಎರವಲು ಪಡೆದು ಆಡಿ, ಗಳಿಕೆಯಲ್ಲಿ ಪಾಲು ಒಪ್ಪಿಸಿದ್ದು ಹಳ್ಳಿಗಳಲ್ಲಿ ಹೊಲವನ್ನು ವಾರಕ್ಕೆ ಮಾಡುವ ಪದ್ಧತಿಯನ್ನೇ ಹೋಲುತ್ತದೆ. ಮರುವರ್ಷ ಆ ಗೇಮಿನ ನಾಣ್ಯದ ಬೆಲೆ ಕುಸಿದಾಗ ಪಾಲುಗಾರರ ಬಳಿ ಏನೂ ಉಳಿಯಲಿಲ್ಲ.

ಕರ್ನಾಟಕದ ಮಟ್ಟಿಗೆ ಮುಖ್ಯವಾದ ಪ್ರಶ್ನೆ ಇದಕ್ಕಿಂತ ಹತ್ತಿರದ್ದು: ಈ ಲೋಕಗಳನ್ನು ಕಟ್ಟುತ್ತಿರುವವರು ಯಾರು? ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಲ ಗೇಮ್ ಕಂಪನಿಗಳಲ್ಲಿ ಒಂದು. ‘ಫೋರ್ಜಾ’ದಂಥ ಹೆಸರಾಂತ ಕಾರ್ ರೇಸ್ ಗೇಮ್‌ಗಳಿಗೆ ಅದು ವಿದೇಶಿ ಕಂಪನಿಗಳ ಪರವಾಗಿ ಚಿತ್ರಕೆಲಸ ಮಾಡಿಕೊಟ್ಟಿತು. 2016ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಬೆಂಗಳೂರಿನಲ್ಲಿ ಸ್ವಂತ ಸ್ಟುಡಿಯೊ ತೆರೆಯಿತು. ‘ರೆಡ್ ಡೆಡ್ ರಿಡೆಂಪ್ಷನ್ 2’ ತನ್ನ ಎಲ್ಲ ಸ್ಟುಡಿಯೊಗಳೂ ಸೇರಿ ಮಾಡಿದ್ದೆಂದು ಆ ಕಂಪನಿ ಹೇಳಿಕೊಂಡಿದ್ದು, ಅವುಗಳಲ್ಲಿ ಬೆಂಗಳೂರಿನದೂ ಒಂದು.

ಹೊರಗುತ್ತಿಗೆಯ ಚಿತ್ರಕೆಲಸ ನಡೆಯುವ ಬಗೆಯನ್ನು ಒಂದು ಮರದ ಪೀಪಾಯಿಯ ಮೂಲಕ ಅರ್ಥಮಾಡಿಕೊಳ್ಳಬಹುದು. ಗೇಮಿನಲ್ಲಿ ಬಳಕೆಯಾಗುವ ಇಂಥ ಪ್ರತಿಯೊಂದು ವಸ್ತುವಿಗೂ ‘ಅಸೆಟ್’ ಎಂದು ಹೆಸರು. ಕಲಾವಿದೆಯೊಬ್ಬಳು ಮೊದಲು ಸಣ್ಣ ಸಣ್ಣ ತ್ರಿಕೋನಗಳ ಜಾಲದಿಂದ ಪೀಪಾಯಿಯ ಆಕಾರ ಕಟ್ಟುತ್ತಾಳೆ. ಬಳಿಕ ಅದರ ಮೈಯನ್ನು ಬಿಡಿಸಿ ಚಪ್ಪಟೆಯಾಗಿ ಹರಡಿ, ಅದರ ಮೇಲೆ ಮರದ ಗೆರೆ, ಕಬ್ಬಿಣದ ಪಟ್ಟಿಯ ತುಕ್ಕು, ಒದ್ದೆಯ ಕಲೆ ಇವನ್ನೆಲ್ಲ ಬಳಿಯುತ್ತಾಳೆ. ದೂರದಿಂದ ಕಂಡಾಗ ಕಂಪ್ಯೂಟರಿಗೆ ಹೊರೆಯಾಗದಿರಲು ಕಡಿಮೆ ವಿವರಗಳ ಇನ್ನೂ ಕೆಲವು ನಕಲುಗಳನ್ನು ತಯಾರಿಸುತ್ತಾಳೆ. ಗ್ರಾಹಕ ಕಂಪನಿಯಿಂದ ತಿದ್ದುಪಡಿಗಳು ಬರುತ್ತವೆ, ಪೀಪಾಯಿ ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ. ಬೆಲೆ ವಸ್ತುವಿಗಿಷ್ಟು ಅಥವಾ ಆಳಿನ ದಿನಕ್ಕಿಷ್ಟು ಎಂದು ಮೊದಲೇ ನಿಗದಿಯಾಗಿರುವುದರಿಂದ, ಒಪ್ಪಂದಕ್ಕಿಂತ ಹೆಚ್ಚು ತಿದ್ದುಪಡಿ ಬಂದರೆ ಅದರ ಭಾರ ಬೀಳುವುದು ಆಕೆಯ ಸಂಜೆಗಳ ಮೇಲೆ. ಗುಟ್ಟು ಕಾಪಾಡುವ ಕರಾರಿಗೆ ಸಹಿ ಹಾಕಿರುವ ಆಕೆ ಗೇಮ್ ಹೊರಬರುವ ತನಕ, ಕೆಲವೊಮ್ಮೆ ಬಂದ ಮೇಲೂ, ‘ಇದು ನನ್ನ ಕೆಲಸ’ ಎಂದು ಯಾರಿಗೂ ತೋರಿಸುವಂತಿಲ್ಲ.

ಈ ವ್ಯವಹಾರದಲ್ಲಿ ಲಾಭ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಎರಡು ಅಂಕಿಗಳು ಹೇಳುತ್ತವೆ. ‘ರೆಡ್ ಡೆಡ್ ರಿಡೆಂಪ್ಷನ್ 2’ ಬಿಡುಗಡೆಯಾದ ಮೊದಲ ಮೂರೇ ದಿನಗಳಲ್ಲಿ 72.5 ಕೋಟಿ ಡಾಲರ್ ಮೌಲ್ಯದ ಮಾರಾಟ ಕಂಡಿತು. ಮುನ್ನೂರಕ್ಕೂ ಹೆಚ್ಚು ನುರಿತ ಜನರಿದ್ದ ಧ್ರುವ ಕಂಪನಿಯ ಬಹುಪಾಲು ಷೇರುಗಳು 2019ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೈಯಿಂದ ಅದೇ ರಾಕ್‌ಸ್ಟಾರ್‌ಗೆ ಮಾರಾಟವಾದದ್ದು 79 ಲಕ್ಷ ಡಾಲರಿಗೆ. ಬಿಡುಗಡೆಯ ಮುಂಚಿನ ತಿಂಗಳುಗಳ ಅತಿದುಡಿಮೆಗೆ ಈ ಉದ್ಯಮದಲ್ಲಿ ‘ಕ್ರಂಚ್’ ಎನ್ನುತ್ತಾರೆ. ‘ರೆಡ್ ಡೆಡ್ ರಿಡೆಂಪ್ಷನ್ 2’ರ ಮುಖ್ಯ ಲೇಖಕರಲ್ಲೊಬ್ಬರಾದ ಡ್ಯಾನ್ ಹೌಸರ್ ವಾರಕ್ಕೆ ನೂರು ಗಂಟೆ ದುಡಿದದ್ದನ್ನು 2018ರ ಸಂದರ್ಶನವೊಂದರಲ್ಲಿ ಪ್ರಸ್ತಾಪಿಸಿದಾಗ ದೊಡ್ಡ ಚರ್ಚೆಯೆದ್ದಿತು. ಅದು ನಾಲ್ವರು ಹಿರಿಯ ಬರಹಗಾರರ ಮೂರು ವಾರಗಳ ಮಾತು ಎಂದು ಅವರು ಆಮೇಲೆ ಸ್ಪಷ್ಟಪಡಿಸಿದರಾದರೂ, ಹಲವು ಊರುಗಳ ನೌಕರರು ತಮ್ಮ ದೀರ್ಘ ದುಡಿಮೆಯ ವಿವರಗಳನ್ನು ಪತ್ರಕರ್ತರ ಮುಂದಿಟ್ಟರು. ಮುಗಿಯುವ ಮುನ್ನ ಕೆಲಸ ಬಿಟ್ಟವರ ಹೆಸರು ಗೇಮಿನ ಕೊನೆಯ ನಾಮಪಟ್ಟಿಯಲ್ಲಿ ಇರದೆ, ಪ್ರತ್ಯೇಕ ಕೃತಜ್ಞತಾ ಪುಟಕ್ಕೆ ಹೋಯಿತೆಂಬುದೂ ಆಗಲೇ ಬೆಳಕಿಗೆ ಬಂತು.

ಬೆಂಗಳೂರಿನ ಉತ್ತರ ಭಾಗದಲ್ಲಿ, ಮತ್ತಿಕೆರೆಯಲ್ಲಿ ನಿಂತು ನೋಡಿದರೆ ನಗರದ ದುಡಿಮೆಯಲ್ಲಾದ ಬದಲಾವಣೆಯ ಉದ್ದ ತಿಳಿಯುತ್ತದೆ. ಮತ್ತಿಕೆರೆಯ ಪಕ್ಕದ ಜಾಲಹಳ್ಳಿಯಲ್ಲಿ 1950ರ ದಶಕದಲ್ಲಿ ಎದ್ದ ಬಿಇಎಲ್ ಮತ್ತು ಎಚ್‌ಎಂಟಿ ಕಾರ್ಖಾನೆಗಳ ಕಾರ್ಮಿಕರಿಗೆ ಸಂಘವಿತ್ತು, ಕೆಲಸದ ವೇಳೆ ಗೊತ್ತಿತ್ತು. ನಗರದ ಸಾರ್ವಜನಿಕ ಉದ್ದಿಮೆಗಳ ನೌಕರರೆಲ್ಲ ಸೇರಿ 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ 77 ದಿನ ಮುಷ್ಕರ ನಡೆಸಿದರು. ಇಂದು ಅದೇ ಮತ್ತಿಕೆರೆಯ ಪಿಜಿಗಳಲ್ಲಿ ಉಳಿದು ಎಂ.ಎಸ್. ರಾಮಯ್ಯ ಕಾಲೇಜಿನಲ್ಲಿ ಓದುವ ಹುಡುಗ-ಹುಡುಗಿಯರು ಕಾಲಿಡಬಹುದಾದ ಉದ್ಯೋಗಗಳ ಸ್ಥಿತಿ ಬೇರೆ. ಕೆಲಸದ ವೇಳೆ, ರಜೆ, ಶಿಸ್ತುಕ್ರಮ, ವಜಾ ಇವುಗಳ ನಿಯಮಗಳನ್ನು ಲಿಖಿತವಾಗಿ ಇಡಬೇಕೆಂದು ಹೇಳುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳ ಜೊತೆಗೆ ಅನಿಮೇಷನ್ ಮತ್ತು ಗೇಮಿಂಗ್ ಕಂಪನಿಗಳಿಗೂ ರಾಜ್ಯ ಸರ್ಕಾರ 2014ರಲ್ಲಿ ಐದು ವರ್ಷದ ವಿನಾಯಿತಿ ಕೊಟ್ಟು, 2019ರಲ್ಲೂ 2024ರಲ್ಲೂ ಅದನ್ನು ಮುಂದುವರಿಸಿತು. 2025ರ ಫೆಬ್ರುವರಿಯಲ್ಲಿ ಸಿನಿಮಾ ಮತ್ತು ಗೇಮ್‌ಗಳಿಗೆ ಚಿತ್ರಕೆಲಸ ಮಾಡುತ್ತಿದ್ದ ಟೆಕ್ನಿಕಲರ್ ಹಠಾತ್ತನೆ ಬಾಗಿಲು ಮುಚ್ಚಿದಾಗ ಬೆಂಗಳೂರು ಮತ್ತು ಮುಂಬೈಗಳಲ್ಲಿ ಸುಮಾರು 3,000 ಜನ ಬೀದಿಗೆ ಬಿದ್ದರು.

ಇದೇ ಪಿಜಿಗಳ ಬಾಗಿಲಿಗೆ ಊಟ ತರುವ ಯುವಕರ ಮೊಬೈಲ್ ಆ್ಯಪ್ ಕೂಡ ಗೇಮಿನಂತೆಯೇ ರಚಿತವಾಗಿದೆ: ಇಷ್ಟು ಆರ್ಡರ್ ಮುಗಿಸಿದರೆ ಇಷ್ಟು ಇನ್ಸೆಂಟಿವ್, ರೇಟಿಂಗ್ ಇಳಿದರೆ ಕೆಲಸ ಕಡಿಮೆ, ನಿಯಮ ಬದಲಾಯಿಸುವವರು ಕಣ್ಣಿಗೆ ಕಾಣದವರು. ಇವರ ವಿಷಯದಲ್ಲಿ ಕರ್ನಾಟಕ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. 2025ರ ಗಿಗ್ ಕಾರ್ಮಿಕರ ಕಾಯ್ದೆ ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಹಣದ ಶೇ 1ರಿಂದ 5ರಷ್ಟನ್ನು ಕಂಪನಿಗಳಿಂದ ಕಲ್ಯಾಣ ನಿಧಿಗೆ ಕೊಡಿಸುತ್ತದೆ. ಕೆಲಸದಿಂದ ತೆಗೆಯುವ ಮುನ್ನ ಕಾರಣ ತಿಳಿಸಿ 14 ದಿನಗಳ ನೋಟಿಸ್ ಕೊಡಬೇಕೆನ್ನುತ್ತದೆ. ಕೆಲಸ ಹಂಚುವ ಸ್ವಯಂಚಾಲಿತ ವ್ಯವಸ್ಥೆ ತಮ್ಮ ಮೇಲೆ ಹೇಗೆ ಪರಿಣಾಮ ಬೀರುತ್ತದೆಂದು ತಿಳಿಯುವ ಹಕ್ಕನ್ನು ಕಾರ್ಮಿಕರಿಗೆ ಕೊಡುತ್ತದೆ.

ಪೀಪಾಯಿ ಮಾಡಿದ ಕಲಾವಿದೆಗೂ ಇಂಥದೊಂದು ಹೆಜ್ಜೆ ಬೇಕು. ಅನಿಮೇಷನ್ ಮತ್ತು ಗೇಮಿಂಗ್‌ಗೆ ದೇಶದಲ್ಲೇ ಮೊದಲು, 2012ರಲ್ಲಿ, ಪ್ರತ್ಯೇಕ ನೀತಿ ತಂದ ರಾಜ್ಯ ಕರ್ನಾಟಕ. 2024–29ರ ಅವಧಿಗೆ ಹೊಸ ನೀತಿಯೂ ಜಾರಿಯಲ್ಲಿದೆ. ಆ ನೀತಿಯಡಿ ನೆರವು ಪಡೆಯುವ ಪ್ರತಿಯೊಂದು ಕಂಪನಿ ತನ್ನ ಕಲಾವಿದರ ಹೆಸರುಗಳನ್ನು ಗೇಮಿನ ನಾಮಪಟ್ಟಿಯಲ್ಲಿ ಸೇರಿಸುವಂತೆ ಗ್ರಾಹಕರೊಡನೆ ಕರಾರು ಮಾಡಿಕೊಳ್ಳಬೇಕು, ಹೆಚ್ಚುವರಿ ದುಡಿಮೆಗೆ ಹೆಚ್ಚುವರಿ ಸಂಬಳ ಕೊಡಬೇಕು ಎಂಬ ಎರಡು ಷರತ್ತುಗಳನ್ನು ಸರ್ಕಾರ ಹಾಕಬೇಕು. ಇವುಗಳಲ್ಲಿ ಮೊದಲನೆಯದಕ್ಕೆ ಖಜಾನೆಯಿಂದ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.