ರೇಸಿಗೆ ಬೇಕು ಹಳೆಯ ಎಸ್ಟೀಮ್

ಚೆನ್ನೈ ಹೊರವಲಯದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಮೊದಲ ಸಲ ಹೋದವರನ್ನು ಬೆರಗುಗೊಳಿಸುತ್ತ ಬಂದಿರುವ ಕಾರು ಮಾರುತಿ ಎಸ್ಟೀಮ್. 1994ರಲ್ಲಿ ಬಂದು 2007ರಲ್ಲಿ ತಯಾರಿಕೆ ನಿಂತ ಈ ಸಂಸಾರಸ್ಥರ ಕಾರು ಇಲ್ಲಿ ಸೀಟು ಕಿತ್ತಿಸಿಕೊಂಡು, ಒಳಗೆ ಉಕ್ಕಿನ ಪಂಜರ ಕಟ್ಟಿಸಿಕೊಂಡು ತಿರುವಿಗೆ ನುಗ್ಗುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ರಸ್ತೆಯ ರ‍್ಯಾಲಿಗಳಲ್ಲೂ ಎಸ್ಟೀಮ್, ಜಿಪ್ಸಿಗಳದು ಪರಿಚಿತ ಮುಖ.

ಹವ್ಯಾಸಕ್ಕೆ ರೇಸಿಗಿಳಿಯುವವರು ಕಾರನ್ನು ಇಷ್ಟಪಟ್ಟು ಆರಿಸುವುದಕ್ಕಿಂತ ಲೆಕ್ಕ ಹಾಕಿ ಆರಿಸಬೇಕು. ರೇಸ್ ಕಾರು ಇಂದಲ್ಲ ನಾಳೆ ಗುದ್ದಿಸಿಕೊಳ್ಳುತ್ತದೆ, ಎಂಜಿನ್ ಒಂದು ದಿನ ಕೈಕೊಡುತ್ತದೆ. ಆಗ ಬೇಕಾದ ಬಿಡಿಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಮರುದಿನವೇ ಸಿಗಬೇಕು. ಈ ಪರೀಕ್ಷೆಯಲ್ಲಿ ಎಸ್ಟೀಮ್ ಗೆಲ್ಲುತ್ತದೆ. ಅದರ 1298 ಸಿಸಿ ಅಲ್ಯೂಮಿನಿಯಂ ಎಂಜಿನ್ ಸುಜುಕಿಯ ‘ಜಿ’ ವಂಶದ್ದು. ಜಿಪ್ಸಿ ಕಿಂಗ್‌ನಲ್ಲೂ 2005ರ ಮೊದಲ ಸ್ವಿಫ್ಟ್‌ನಲ್ಲೂ ಇದ್ದದ್ದು ಅದರ ಒಡಹುಟ್ಟುಗಳೇ. ಹೀಗಾಗಿ ಇದರ ನಾಡಿ ಬಲ್ಲ ಮೆಕ್ಯಾನಿಕ್‌ಗಳಿಗೆ ಬರವಿಲ್ಲ. 16 ವಾಲ್ವ್‌ನ ಎಂಪಿಎಫ್‌ಐ ಮಾದರಿ 85 ಅಶ್ವಶಕ್ತಿ ಕೊಡುತ್ತದೆ, ಕಾರಿನ ತೂಕ 900 ಕೆ.ಜಿ. ಒಳಗೆ. ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್ ಇರುವುದು ಆ ಕಾಲದ ಅಗ್ಗದ ಕಾರುಗಳಲ್ಲಿ ದೊಡ್ಡ ಮಾತು.

ಮಾರುತಿ 800 ಇನ್ನೂ ಅಗ್ಗ. ಆದರೆ 796 ಸಿಸಿಯ ಮೂರು ಸಿಲಿಂಡರಿನಿಂದ ಹೆಚ್ಚೇನೂ ಹಿಂಡಲಾಗದು. 1993ರ ಝೆನ್ ನಿಜಕ್ಕೂ ಮುದ್ದಾದ ಆಯ್ಕೆ. ಅದರ 993 ಸಿಸಿ ಎಂಜಿನ್ನಿನ ಬೋರ್ 72 ಮಿ.ಮೀ., ಸ್ಟ್ರೋಕ್ 61 ಮಿ.ಮೀ. ಮಾತ್ರ. ಪಿಸ್ಟನ್ ಓಡಾಡುವ ದೂರ ಕಡಿಮೆಯಾದ್ದರಿಂದ ಎಂಜಿನ್ ಹಾಯಾಗಿ ಮೇಲೇರಿ ತಿರುಗುತ್ತದೆ. ಸ್ಪರ್ಧೆಯ ವಿಭಾಗಗಳನ್ನು ಸಿಸಿ ಲೆಕ್ಕದಲ್ಲಿ ಮಾಡುವುದರಿಂದ ಆಟೊಕ್ರಾಸ್‌ನ ಸಣ್ಣ ವಿಭಾಗಕ್ಕೆ ಝೆನ್ ಸಾಕು. ಹೋಂಡಾ ಸಿಟಿಯ 1.5 ವಿಟೆಕ್ ಇವೆಲ್ಲಕ್ಕಿಂತ ವೇಗಿ. ಅದರ ಬಿಡಿಭಾಗಗಳ ಬೆಲೆ ಕೇಳಿದ ಮೇಲೂ ಉತ್ಸಾಹ ಉಳಿದರೆ ಅದನ್ನೇ ಕೊಳ್ಳಿ.

ಮಾದರಿ ನಿರ್ಧಾರವಾದ ಮೇಲೆ ನಿಜವಾದ ಕಸುಬು ಶುರು. ಬಾನೆಟ್ ಎತ್ತಿ ಎಂಜಿನ್ ಸದ್ದು ಕೇಳುವುದು ಎಲ್ಲರ ಅಭ್ಯಾಸ. ರೇಸ್ ಕಾರು ಕಟ್ಟುವ ಮೇಸ್ತ್ರಿಗಳು ಮೊದಲು ಕಾರ್ಪೆಟ್ ಎತ್ತುತ್ತಾರೆ. ಎಂಜಿನ್ ಬದಲಿಸಬಹುದು, ಕೊಳೆತ ಬಾಡಿಯನ್ನು ಬದಲಿಸಲಾಗದು. ಚಾಲಕನ ಕಾಲಡಿಯ ತಗಡು, ಬಾಗಿಲ ಕೆಳಗಿನ ಅಂಚು, ಬ್ಯಾಟರಿಯ ಅಡಿ, ಶಾಕ್ ಅಬ್ಸಾರ್ಬರಿನ ತಲೆ ಕೂರುವ ಜಾಗ, ಈ ನಾಲ್ಕು ಕಡೆ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಉದುರುತ್ತದೆ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಯಲ್ಲಿ ಬಾಳಿದ ಕಾರಿಗಿಂತ ಬಯಲುಸೀಮೆಯ ಕಾರು ಮೇಲು. ಜೇಬಿನಲ್ಲೊಂದು ಪುಟ್ಟ ಅಯಸ್ಕಾಂತ ಇರಲಿ. ಪೇಂಟಿನಡಿ ಪುಟ್ಟಿ ಮೆತ್ತಿದ್ದರೆ ಅದು ಅಲ್ಲಿ ಅಂಟುವುದಿಲ್ಲ. ಎಂಜಿನ್ ಕೋಣೆಯ ಅಂಚಿನಲ್ಲಿ ಕಾರ್ಖಾನೆಯ ಸ್ಪಾಟ್ ವೆಲ್ಡಿಂಗಿನ ದುಂಡು ಗುರುತುಗಳು ಸಮ ಅಂತರದಲ್ಲಿ ಕಾಣಬೇಕು. ಅವು ಮಾಯವಾಗಿ ಒಡ್ಡೊಡ್ಡಾದ ಬೆಸುಗೆ ಇದ್ದರೆ ಕಾರು ಅಪಘಾತ ಕಂಡಿದೆ ಎಂದೇ ಲೆಕ್ಕ. ಕೊನೆಗೆ ಎಂಜಿನ್ ಕೋಣೆಯನ್ನು ಮೂಲೆಯಿಂದ ಮೂಲೆಗೆ ಟೇಪಿನಲ್ಲಿ ಅಳೆಯುತ್ತಾರೆ. ಎರಡು ಕರ್ಣಗಳ ಅಳತೆ ಸರಿಹೊಂದದಿದ್ದರೆ ಆ ಕಾರು ಎಂದಿಗೂ ನೆಟ್ಟಗೆ ಓಡದು.

ಕಾರು ಗ್ಯಾರೇಜು ಸೇರಿದ ಮೇಲೆ ಬಿಚ್ಚುವ ಕೆಲಸ. ಸೀಟು, ಎ.ಸಿ., ಕಾರ್ಪೆಟ್ ಎಲ್ಲ ಹೊರಗೆ. ಸದ್ದು ತಗ್ಗಿಸಲೆಂದು ನೆಲದ ತಗಡಿಗೆ ಅಂಟಿಸಿರುವ ಡಾಂಬರಿನಂಥ ಹಾಳೆಯನ್ನು ಹಾಟ್ ಏರ್ ಗನ್ನಿನಿಂದ ಕಾಯಿಸಿ ಇಂಚಿಂಚೇ ಕೆರೆದು ತೆಗೆಯುತ್ತಾರೆ. ಅಡಗಿ ಕೂತಿದ್ದ ತುಕ್ಕು ಆಗ ಬಯಲಾಗುತ್ತದೆ. ಆಮೇಲೆ ರೋಲ್ ಕೇಜ್, ಅಂದರೆ ಉಕ್ಕಿನ ಪಂಜರ. ಇಲ್ಲಿ ಒಂದು ರೂಪಾಯಿಯನ್ನೂ ಉಳಿಸಬಾರದು. ಅಂತರರಾಷ್ಟ್ರೀಯ ಮೋಟರ್ ಸ್ಪೋರ್ಟ್ಸ್ ಸಂಸ್ಥೆ ಎಫ್‌ಐಎಯ ನಿಯಮದಂತೆ ಚಾಲಕನ ಬೆನ್ನ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ, ಇಲ್ಲವೇ 50 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪದ ಸೀಮ್‌ಲೆಸ್ ಉಕ್ಕಿನ ಪೈಪು ಬೇಕು. ಮನೆಯ ಗೇಟಿಗೆ ಬಳಸುವ ಪೈಪಿನಲ್ಲಿ ಕೇಜ್ ಕಟ್ಟಿಕೊಡುತ್ತೇನೆ ಎನ್ನುವವರಿಂದ ದೂರವಿರಿ. ಕಾರು ಪಲ್ಟಿಯಾದಾಗ ಅಂಥ ಪೈಪು ಜೀವ ಕಾಯುವುದಿಲ್ಲ.

ಮುಂದಿನ ಖರ್ಚು ಬ್ರೇಕಿಗೆ, ಟಯರಿಗೆ. ಒಣ ಕುದಿಬಿಂದು 205 ಡಿಗ್ರಿಯ ಡಾಟ್ 3 ಬ್ರೇಕ್ ಆಯಿಲ್ ಬದಲು 230 ಡಿಗ್ರಿಯ ಡಾಟ್ 4 ಹಾಕಿಸುವುದು ಅಗ್ಗದ, ಆದರೆ ಅತಿ ಮುಖ್ಯ ಬದಲಾವಣೆ. ಸಸ್ಪೆನ್ಷನ್ ಆಮೇಲೆ. ಎಂಜಿನ್ನಿಗೆ ಕೈಹಾಕುವುದು ಎಲ್ಲಕ್ಕಿಂತ ಕೊನೆಗೆ. ಹೊಸಬರು ಈ ಕ್ರಮವನ್ನು ತಲೆಕೆಳಗು ಮಾಡುವುದೇ ಹೆಚ್ಚು.

ಹೀಗೆ ಕಟ್ಟಿದ ಕಾರು ರಸ್ತೆಯಲ್ಲಿ ಓಡುವಂತಿಲ್ಲ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಂಥ ಮಾರ್ಪಾಟನ್ನು ಒಪ್ಪುವುದಿಲ್ಲ. ಸ್ಪರ್ಧೆಗೆ ಟ್ರೇಲರಿನಲ್ಲೋ ಲಾರಿಯಲ್ಲೋ ಸಾಗಿಸಬೇಕು. ಚಾಲಕನಿಗೆ ದೇಶದ ಮೋಟರ್ ಸ್ಪೋರ್ಟ್ಸ್ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು. ವಿಭಾಗದ ನಿಯಮಪುಸ್ತಕವನ್ನು ಕಾರು ಕೊಳ್ಳುವ ಮೊದಲೇ ಓದಿಕೊಳ್ಳಬೇಕು.

ತುಕ್ಕಿಲ್ಲದ ಎಸ್ಟೀಮ್‌ಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. 15 ವರ್ಷ ದಾಟಿತೆಂದು, ಎಫ್.ಸಿ. ರಗಳೆ ಬೇಡವೆಂದು ಒಳ್ಳೆಯ ಬಾಡಿಗಳೂ ತೂಕದ ಲೆಕ್ಕದಲ್ಲಿ ಹೋಗುತ್ತಿವೆ. ನಿಮ್ಮ ಮನೆಯ ಶೆಡ್ಡಿನಲ್ಲಿ ಅಂಥದೊಂದು ನಿಂತಿದ್ದರೆ, ಗುಜರಿಯವರಿಗೆ ಫೋನ್ ಮಾಡುವ ಮೊದಲು ಹತ್ತಿರದ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿಗೆ ಒಂದು ಮಾತು ತಿಳಿಸಿ.