ಸಾಲದ ಬಲ, ಸಾಲದ ಭಾರ

ನಿವೃತ್ತಿಯ ಹಣವನ್ನು ಷೇರುಪೇಟೆಯಲ್ಲಿ ತೊಡಗಿಸುವ ನನ್ನ ವಯಸ್ಸಿನವರು ಪ್ರತಿ ಷೇರಿನ ಗಳಿಕೆ ಎಷ್ಟು ಹೆಚ್ಚಿತೆಂದು ವಿಚಾರಿಸುತ್ತಾರೆ. ಅದು ಯಾರ ಹಣದಿಂದ ಹೆಚ್ಚಿತೆಂದು ಕೇಳುವವರು ವಿರಳ. ಸರ್ಕಾರಿ ಸೇವೆಯಲ್ಲಿದ್ದಾಗ ಉದ್ದಿಮೆಗಳ ಲೆಕ್ಕಪತ್ರಗಳಲ್ಲಿ ಲಾಭಕ್ಕಿಂತ ಮೊದಲು ನಾನು ನೋಡುತ್ತಿದ್ದುದು ಬಡ್ಡಿಯ ಬಾಬನ್ನು.

ತಲಾ 100 ಕೋಟಿ ರೂಪಾಯಿ ಬಂಡವಾಳದ ಎರಡು ಕಂಪನಿಗಳಿವೆ ಎನ್ನೋಣ. ಮೊದಲನೆಯದು ಅಷ್ಟನ್ನೂ 10 ರೂಪಾಯಿಯ 10 ಕೋಟಿ ಷೇರುಗಳಿಂದ ಸಂಗ್ರಹಿಸಿದೆ. ಎರಡನೆಯದು 5 ಕೋಟಿ ಷೇರು ನೀಡಿ, ಉಳಿದ 50 ಕೋಟಿಯನ್ನು ಶೇ 10ರ ಬಡ್ಡಿಗೆ ಸಾಲ ತಂದಿದೆ. ತೆರಿಗೆಯನ್ನು ಬದಿಗಿಟ್ಟರೆ, ಎರಡೂ 16 ಕೋಟಿ ಗಳಿಸಿದ ವರ್ಷ ಮೊದಲನೆಯದಕ್ಕೆ ಪ್ರತಿ ಷೇರಿಗೆ 1.60 ರೂಪಾಯಿ ದಕ್ಕುತ್ತದೆ. ಎರಡನೆಯದಕ್ಕೆ ಬಡ್ಡಿ ಕಳೆದೂ 2.20 ರೂಪಾಯಿ. ಗಳಿಕೆ 4 ಕೋಟಿಗೆ ಕುಸಿದರೆ ಮೊದಲನೆಯದಕ್ಕೆ 40 ಪೈಸೆ ಲಾಭ, ಎರಡನೆಯದಕ್ಕೆ 20 ಪೈಸೆ ನಷ್ಟ. ಗಳಿಕೆಗೆ ಬರಗಾಲ ಬರುತ್ತದೆ, ಬಡ್ಡಿಗೆ ಬರುವುದಿಲ್ಲ.

ತೆರಿಗೆ, ದಿವಾಳಿಯ ವೆಚ್ಚಗಳಿಲ್ಲದ ಪೇಟೆಯಲ್ಲಿ ಕಂಪನಿಯ ಒಟ್ಟು ಮೌಲ್ಯವು ಅದರ ಗಳಿಸುವ ಶಕ್ತಿಯನ್ನು ಅವಲಂಬಿಸಿದೆಯೇ ಹೊರತು, ಬಂಡವಾಳವನ್ನು ಸಾಲ-ಷೇರುಗಳಾಗಿ ವಿಂಗಡಿಸಿದ ರೀತಿಯನ್ನಲ್ಲ ಎಂದು ಮೊಡಿಗ್ಲಿಯಾನಿ ಮತ್ತು ಮಿಲ್ಲರ್ 1958ರಲ್ಲೇ ವಾದಿಸಿದರು. ಹೆಚ್ಚಿದ ಗಳಿಕೆಯ ಜೊತೆಗೇ ಅಪಾಯವೂ ಹೆಚ್ಚುವುದರಿಂದ ಹೂಡಿಕೆದಾರರು ಅದಕ್ಕೆ ತಕ್ಕಂತೆ ಬೆಲೆ ಕಟ್ಟುತ್ತಾರೆ. ವಾಸ್ತವದಲ್ಲಿ ಬಡ್ಡಿಗೆ ತೆರಿಗೆ ವಿನಾಯಿತಿ ಇರುವುದರಿಂದ ಮಿತವಾದ ಸಾಲ ಲಾಭಕರವೇ. ಆದರೆ ಮಿತಿ ಮೀರಿದರೆ ದಿವಾಳಿಯ ಭೀತಿ ಆ ಲಾಭವನ್ನು ನುಂಗಿಹಾಕುತ್ತದೆ.

ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಇದಕ್ಕೆ ನಿದರ್ಶನ. 2005ರಲ್ಲಿ ಹಾರಾಟ ಆರಂಭಿಸಿ, ಏರ್ ಡೆಕ್ಕನ್ನನ್ನೂ ವಶಪಡಿಸಿಕೊಂಡ ಈ ಸಂಸ್ಥೆ ಲಾಭವನ್ನೇ ಕಾಣಲಿಲ್ಲ. ಇಂಧನದ ಬೆಲೆಯೊಡನೆ ಏರಿಳಿಯುವ ವ್ಯವಹಾರದ ಮೇಲೆ ಇಳಿಯದ ಬಡ್ಡಿಯ ಹೊರೆ ಬಿದ್ದಿತ್ತು. 2011ರಲ್ಲಿ ಬ್ಯಾಂಕುಗಳು ಸಾಲದ ಒಂದು ಭಾಗವನ್ನು ತಲಾ 64.48 ರೂಪಾಯಿಯಂತೆ ಷೇರುಗಳಾಗಿ ಪರಿವರ್ತಿಸಿಕೊಂಡವು. ಆಗ ಪೇಟೆಯ ದರ ಸುಮಾರು 40 ರೂಪಾಯಿ! 2012ರ ಅಕ್ಟೋಬರಿನಲ್ಲಿ ಹಾರಾಟ ನಿಂತಿತು. ಸಾಲ ಕೊಟ್ಟವುಗಳಲ್ಲಿ ಹೆಚ್ಚಿನವು ಸಾರ್ವಜನಿಕ ಬ್ಯಾಂಕುಗಳು. ಅಂದರೆ ಷೇರನ್ನೇ ಕೊಳ್ಳದ ಠೇವಣಿದಾರ ಹಾಗೂ ತೆರಿಗೆದಾರರೂ ಅದರ ಅಪಾಯದಲ್ಲಿ ಪಾಲುದಾರರಾಗಿದ್ದರು.

ಹಾಗೆಂದು ಸಾಲವೇ ಪಾಪವಲ್ಲ. ವಿದ್ಯುತ್ ಪ್ರಸರಣದಂತಹ ಸ್ಥಿರ ಆದಾಯದ ಉದ್ದಿಮೆ ಹೆಚ್ಚು ಸಾಲ ಹೊರಬಲ್ಲದು, ವಿಮಾನಯಾನ ಹೊರಲಾರದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಕಂಪನಿಗಳಿಗೂ ಸಲ್ಲುತ್ತದೆ. ಷೇರು ಕೊಳ್ಳುವ ಮುನ್ನ ಬಡ್ಡಿಪೂರ್ವ ಗಳಿಕೆಯು ಬಡ್ಡಿಯ ಎಷ್ಟು ಪಟ್ಟಿದೆ ಎಂದು ವಾರ್ಷಿಕ ವರದಿಯಲ್ಲಿ ನೋಡುವುದು ಒಳಿತು. ಆ ಅಂಕಿ ವರ್ಷದಿಂದ ವರ್ಷಕ್ಕೆ ಒಂದರತ್ತ ಜಾರುತ್ತಿದ್ದರೆ, ಷೇರಿನ ಗಳಿಕೆ ಎಷ್ಟೇ ಆಕರ್ಷಕವಾಗಿದ್ದರೂ ದೂರವಿರುವುದೇ ಕ್ಷೇಮ.