ಪಕ್ಕಕ್ಕೂ ಸರಿಯುವ ಚಕ್ರ

ಚಕ್ರವು ಮಾನವನ ಅತಿ ಹಳೆಯ ಸಾಧನಗಳಲ್ಲೊಂದು. ಆದರೆ ಅದಕ್ಕೊಂದು ಹುಟ್ಟುಗುಣವುಂಟು: ಮುಂದಕ್ಕೆ ಉರುಳುವುದು, ಹಿಂದಕ್ಕೆ ಉರುಳುವುದು, ಪಕ್ಕಕ್ಕೆ ಮಾತ್ರ ಜಪ್ಪಯ್ಯ ಎಂದರೂ ಸರಿಯದು. ಓಣಿಯಲ್ಲಿ ಸಿಕ್ಕಿಕೊಂಡ ಎತ್ತಿನ ಗಾಡಿಯನ್ನು ಒಂದು ಮೊಳ ಪಕ್ಕಕ್ಕೆ ತರಲು ಎಷ್ಟು ಸಲ ಹಿಂದೆ ಮುಂದೆ ಮಾಡಬೇಕೆಂಬುದನ್ನು ಕಂಡವರೆಲ್ಲ ಬಲ್ಲರು. ವಿದ್ಯಾರ್ಥಿಗಳು ತಾವೇ ಕಟ್ಟಿದ ರೋಬಾಟ್‌ಗಳನ್ನು ಇಳಿಸುವ ಪಂದ್ಯದ ಕಣದಲ್ಲಿಯೂ ಇದೇ ತೊಡಕು. 1992ರಲ್ಲಿ ಅಮೆರಿಕದಲ್ಲಿ ಆರಂಭವಾದ ಫಸ್ಟ್ ರೋಬಾಟ್ ಸ್ಪರ್ಧೆಯಲ್ಲಿ ಒಂದು ಆಟದ ಅವಧಿ ಕೆಲವೇ ನಿಮಿಷಗಳು. ಗುರಿಯ ಮುಂದೆ ನಿಂತು ನಾಲ್ಕು ಅಂಗುಲ ಪಕ್ಕಕ್ಕೆ ಸರಿಯಲಾರದ ಯಂತ್ರವು ತಿರುಗಿ ಬರುವಷ್ಟರಲ್ಲಿ ಎದುರಾಳಿಯು ಅಂಕ ಗಳಿಸಿರುವನು. ಈ ತೊಡಕಿಗೆ ಒಂದು ಪರಿಹಾರವೇ ಮೆಕಾನಮ್ ಚಕ್ರ. ಅದರ ರಚನೆ ಹೇಗೆ, ಅದು ಕೇಳುವ ಬೆಲೆ ಏನು ಎಂಬುದನ್ನು ವಿಚಾರಿಸೋಣ.

ಇದನ್ನು ರೂಪಿಸಿದವನು ಸ್ವೀಡನ್ನಿನ ಎಂಜಿನಿಯರ್ ಬೆಂಗ್ಟ್ ಇಲಾನ್. ಅವನು ಕೆಲಸಕ್ಕಿದ್ದ ಕಂಪನಿಯ ಹೆಸರೇ ಚಕ್ರದ ಹೆಸರಾಯಿತು. 1975ರಲ್ಲಿ ಇದಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು.

ಈ ಚಕ್ರದ ಅಂಚಿನಲ್ಲಿ ಅಖಂಡವಾದ ಪಟ್ಟಿಯಿಲ್ಲ. ಅದರ ಬದಲು ಸಾಲಾಗಿ ಸಣ್ಣ ಉರುಳೆಗಳನ್ನು, ಎಂದರೆ ರೋಲರ್‌ಗಳನ್ನು, ಚಕ್ರದ ಅಚ್ಚಿಗೆ 45 ಡಿಗ್ರಿ ಓರೆಯಾಗಿ ಜೋಡಿಸಿರುತ್ತಾರೆ. ಉರುಳೆಗಳಿಗೆ ಮೋಟಾರಿನ ಹಂಗಿಲ್ಲ. ಅವು ತಮ್ಮ ತಮ್ಮ ಅಚ್ಚಿನ ಸುತ್ತ ತಾವಾಗಿಯೇ ತಿರುಗುವುವು. ಹಾಗೆ ತಿರುಗುವ ದಿಕ್ಕಿನಲ್ಲಿ ನೆಲಕ್ಕೆ ಹಿಡಿತ ಸಿಗದು. ಉರುಳೆಯ ಅಚ್ಚಿನ ನೇರದಲ್ಲಿ ಮಾತ್ರ ಸಿಗುವುದು. ಆದ್ದರಿಂದ ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸಿದರೂ ನೂಕು ಬೀಳುವುದು ಓರೆಯಾಗಿ: ಅರ್ಧ ಮುಂದಕ್ಕೆ, ಅರ್ಧ ಪಕ್ಕಕ್ಕೆ.

ಒಂದೇ ಚಕ್ರದಿಂದ ಪ್ರಯೋಜನವಿಲ್ಲ. ಎಡಗೈ ಬಲಗೈಗಳಂತೆ ಎರಡು ಜಾತಿಯ ಚಕ್ರಗಳು, ಜಾತಿಗೆ ಎರಡರಂತೆ ನಾಲ್ಕು ಬೇಕು; ಪ್ರತಿಯೊಂದಕ್ಕೂ ಬೇರೆ ಬೇರೆ ಮೋಟಾರು ಬೇಕು. ನಾಲ್ಕೂ ಮುಂದಕ್ಕೆ ತಿರುಗಿದರೆ ಪಕ್ಕದ ನೂಕುಗಳು ಒಂದನ್ನೊಂದು ಹೊಡೆದುಹಾಕಿ ಯಂತ್ರವು ನೇರವಾಗಿ ಸಾಗುವುದು. ಮುಂದಿನ ಎಡಚಕ್ರ ಮತ್ತು ಹಿಂದಿನ ಬಲಚಕ್ರ ಮುಂದಕ್ಕೆ, ಉಳಿದೆರಡು ಹಿಂದಕ್ಕೆ ತಿರುಗಿದರೆ ಮುಂದು ಹಿಂದಿನ ನೂಕುಗಳು ಅಳಿದು, ಯಂತ್ರವು ಮುಖ ತಿರುಗಿಸದೆಯೇ ಬಲಕ್ಕೆ ಸರಿಯುವುದು. ಎಡಗಡೆಯವು ಮುಂದಕ್ಕೆ, ಬಲಗಡೆಯವು ಹಿಂದಕ್ಕೆ ತಿರುಗಿದರೆ ನಿಂತಲ್ಲಿಯೇ ಬಲಕ್ಕೆ ಸುತ್ತುವುದು.

ಜೋಡಿಸುವಾಗ ಒಂದು ಎಚ್ಚರಿಕೆ ಅಗತ್ಯ. ಮೇಲಿನಿಂದ ನೋಡಿದರೆ ನಾಲ್ಕು ಚಕ್ರಗಳ ಉರುಳೆಗಳು ಗುಣಾಕಾರದ ಚಿಹ್ನೆಯಂತೆ ನಡುವಿನತ್ತ ಮುಖ ಮಾಡಿರಬೇಕು. ಆಗ ನೆಲಕ್ಕೆ ತಾಗಿದ ಕೆಳಗಿನ ಉರುಳೆಗಳು ವಜ್ರಾಕೃತಿಯಲ್ಲಿ ಕೂಡುವುವು. ಎಡಬಲ ಅದಲುಬದಲಾದರೆ ನೂಕಿನ ರೇಖೆಗಳು ಯಂತ್ರದ ನಟ್ಟನಡುವೆ ಹಾಯುವುವು. ಚಕ್ರಗಳು ಚೌಕದ ನಾಲ್ಕು ಮೂಲೆಗಳಲ್ಲಿದ್ದರೆ ಯಂತ್ರಕ್ಕೆ ಸುತ್ತುವ ಶಕ್ತಿಯೇ ಇರದು.

ಇನ್ನು ಉರುಳೆಯ ಆಕಾರ. ಅದು ನೇರವಾದ ಕೊಳವೆಯಂತಿದ್ದರೆ ಚಕ್ರವು ದುಂಡಗಾಗದೆ ಬಹುಭುಜವಾಗಿ, ಯಂತ್ರವು ಕುಲುಕುತ್ತ ಸಾಗುವುದು. ಆದಕಾರಣ ಉರುಳೆಯು ಮದ್ದಳೆಯಂತೆ ನಡುವೆ ಉಬ್ಬಿ ತುದಿಗಳಲ್ಲಿ ಸಣ್ಣಗಾಗಿರಬೇಕು. ಪಕ್ಕದಿಂದ ನೋಡಿದಾಗ ಎಲ್ಲ ಉರುಳೆಗಳೂ ಕೂಡಿ ಒಂದು ಪೂರ್ಣವೃತ್ತ ಕಾಣಬೇಕು. ಉದ್ದವನ್ನೂ ಲೆಕ್ಕದಿಂದ ತೆಗೆಯಬಹುದು. ಚಕ್ರದ ವ್ಯಾಸ 150 ಮಿಲಿಮೀಟರ್, ಉರುಳೆಗಳು 8 ಎನ್ನೋಣ. ವೃತ್ತವನ್ನು 8 ಭಾಗ ಮಾಡಿದರೆ ಒಂದು ಭಾಗದ ಜ್ಯಾ ಸುಮಾರು 57 ಮಿಲಿಮೀಟರ್. ಓರೆಯಾದ ಉರುಳೆಯು ಅಷ್ಟನ್ನು ಆವರಿಸಬೇಕಾದರೆ ಅದರ ಉದ್ದ 81 ಮಿಲಿಮೀಟರ್ ಇರಬೇಕು. ಉರುಳೆಗಳನ್ನು 12 ಮಾಡಿದರೆ 55 ಸಾಕು. ಚಕ್ರವೂ ತೆಳ್ಳಗಾಗುವುದು, ಆದರೆ ಬಿಡಿಭಾಗಗಳು ಹೆಚ್ಚುವುವು. ಒಂದು ಉರುಳೆ ನೆಲ ಬಿಡುವ ಮೊದಲೇ ಮುಂದಿನದು ನೆಲ ಮುಟ್ಟಬೇಕು ಎಂಬುದೇ ಇದರ ಮರ್ಮ. ಉರುಳೆಯ ಮೈಗೆ ರಬ್ಬರಿನಂಥ ಹೊದಿಕೆ ಬೇಕು, ಒಳಗೆ ನುಣುಪಾದ ಬುಷ್ ಬೇಕು. ಉರುಳೆ ಬಿಗಿಯಾದರೆ ಪಕ್ಕದ ಚಲನೆಯೇ ಮೊದಲು ಕುಂದುವುದು.

ಚೌಕಟ್ಟಿನ ವಿಷಯವನ್ನೂ ಮರೆಯಬಾರದು. ಮೂರು ಕಾಲಿನ ಪೀಠ ಎಲ್ಲಿಟ್ಟರೂ ಕೂರುವುದು. ನಾಲ್ಕು ಕಾಲಿನದು ಕುಂಟುವುದು. ಒಂದು ಚಕ್ರದ ಮೇಲೆ ಭಾರ ಬೀಳದಿದ್ದರೆ ಅದರ ನೂಕು ಲೆಕ್ಕದಿಂದ ತಪ್ಪಿ ಯಂತ್ರವು ದಾರಿ ಬಿಟ್ಟು ಸೊಟ್ಟಗೆ ಹೋಗುವುದು. ಆದ್ದರಿಂದ ಭಾರವನ್ನು ನಾಲ್ಕಕ್ಕೂ ಸಮನಾಗಿ ಹಂಚಬೇಕು. ಚೌಕಟ್ಟು ಸ್ವಲ್ಪ ಬಾಗುವಂತೆ, ಇಲ್ಲವೆ ಒಂದು ಜೋಡಿ ಚಕ್ರಗಳು ನಡುಗೀಲಿನ ಮೇಲೆ ತೂಗುವಂತೆ ಮಾಡಬೇಕು.

ಈಗ ಬೆಲೆಯ ಮಾತು. ಹಿಡಿತವು ಓರೆಯಾಗಿ ಮಾತ್ರ ದೊರೆಯುವುದರಿಂದ, ಅದೇ ಭಾರ, ಅದೇ ರಬ್ಬರುಳ್ಳ ಸಾದಾ ಚಕ್ರವು ಜಾರುವ ಮೊದಲು 100 ಪಾಲು ನೂಕಬಲ್ಲುದಾದರೆ ಮೆಕಾನಮ್ ಚಕ್ರವು ಮುಂದಕ್ಕೆ ಸುಮಾರು 71 ಪಾಲು ಮಾತ್ರ ನೂಕಬಲ್ಲುದು. ಎದೆಗೆ ಎದೆ ಕೊಟ್ಟು ತಳ್ಳಾಡುವ ಆಟದಲ್ಲಿ ಇದು ಸೋಲಿಗೆ ದಾರಿ. ಇಕ್ಕಟ್ಟಾದ ಜಾಗದಲ್ಲಿ ಗುರಿಗೆ ಸರಿಯಾಗಿ ನಿಲ್ಲಬೇಕಾದ ಆಟದಲ್ಲಿ ಇದೇ ಗೆಲುವಿನ ಕೀಲಿ. ಪ್ರತಿಯೊಂದು ಚಕ್ರವನ್ನೂ ಬೇಕಾದತ್ತ ಹೊರಳಿಸುವ ಇನ್ನೊಂದು ವಿಧಾನವು ಹಿಡಿತವನ್ನೂ ಉಳಿಸಿ ಪಕ್ಕಕ್ಕೂ ಒಯ್ಯುವುದು; ಆದರೆ ಅದಕ್ಕೆ ಮೋಟಾರುಗಳೂ ಖರ್ಚೂ ಹೆಚ್ಚು.

ಆದ್ದರಿಂದ ಯಾವ ಚಕ್ರ ಮೇಲು ಎಂದು ಕೇಳುವುದಕ್ಕಿಂತ ಆಟವು ಏನನ್ನು ಬೇಡುವುದು ಎಂದು ಕೇಳುವುದು ಲೇಸು. ಪಂದ್ಯದ ನಿಯಮಾವಳಿಯನ್ನು ಓದಿ ಮುಗಿಸಿದ ಮೇಲೆಯೇ ಚಕ್ರವನ್ನು ಆರಿಸುವ ತಂಡವು ಅರ್ಧ ಕೆಲಸವನ್ನು ಮುಗಿಸಿದಂತೆಯೇ ಸರಿ. ಯಂತ್ರಶಾಸ್ತ್ರದಲ್ಲಿ ಯಾವುದೂ ಪುಕ್ಕಟೆಯಾಗಿ ಬಾರದು. ಪಕ್ಕಕ್ಕೆ ಸರಿಯುವ ಸ್ವಾತಂತ್ರ್ಯವೂ ಅಷ್ಟೆ.